ಕಿವಿಯಿಲ್ಲದ ಟಿವಿ

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದೆ ಟಿವಿ ರಿಪೇರಿ ಅಂಗಡಿ ಇಟ್ಟಿರುವ ಮಹಮ್ಮದಗೌಸನಿಗೆ ಯಾರ ಮನೆಯಲ್ಲೂ ನಡುಮನೆಯವರೆಗೆ ಹೋಗುವ ಸಲುಗೆಯಿತ್ತು. ಡಬ್ಬಿ ಟಿವಿಗಳ ಕಾಲದಿಂದ, ಅಂದರೆ ಮೂವತ್ತು ವರ್ಷದಿಂದ, ಸಂಗೊಳ್ಳಿಯಿಂದ ಹೂಲಿಯ ತನಕ ಹೆಣ್ಣುಮಕ್ಕಳು ಅವನಿಗೆ ಬಾಗಿಲು ತೆಗೆದಿದ್ದರು, ಚಹಾ ಕೊಟ್ಟಿದ್ದರು, ಅವನ ಎದುರಿಗೇ ಅತ್ತೆ ಸೊಸೆ ಜಗಳವನ್ನೂ ಆಡಿದ್ದರು. ಕಂಡದ್ದನ್ನು ಅವನು ಹೊಸ್ತಿಲಾಚೆ ಒಯ್ದವನಲ್ಲ. ಆ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

ಜಂಬ ಇಳಿಸಿದ್ದು ಸ್ಮಾರ್ಟ್ ಟಿವಿ. ಗೋಡೆಗೆ ಹಚ್ಚಿದ ಕೂಡಲೇ ಅದು ಇಮೇಲ್ ಕೇಳುತ್ತದೆ. ಹೂಲಿಯ ಗುರುಬಸವ್ವನಿಗೆ ಎಲ್ಲಿಯ ಇಮೇಲು? "ನಿಂದ ಹಾಕಿಬಿಡೋ ತಮ್ಮಾ," ಎಂದಳು. ಅವನು ತನ್ನದನ್ನೇ ಹಾಕಿದ. ಅವಳದೂ ಸೇರಿ ಹನ್ನೊಂದು ಮನೆಗಳಲ್ಲಿ ಹೀಗೇ ಹಾಕಿದ್ದ. ಕೆಲಸ ಬೇಗ ಮುಗಿಯುತ್ತಿತ್ತಲ್ಲ. ಒಂದು ದಿನ ಫೋನು ತೆರೆದರೆ ತಾನು ನೋಡದ ವಿಡಿಯೊಗಳ ಪಟ್ಟಿ! ಹನ್ನೊಂದೂ ಮನೆಯವರು ನೋಡಿದ್ದು, ರಿಮೋಟಿಗೆ ಬಾಯಿಟ್ಟು ಕೇಳಿದ್ದು ಎಲ್ಲ ಅವನ ಅಂಗೈಗೆ ಬಂದು ಬಿದ್ದಿತ್ತು. ಕೇಳಿದವರ ದನಿ ಕೂಡ ಅದರಲ್ಲಿ ಉಳಿದಿತ್ತು. ಅವತ್ತೇ ತೆಗೆದುಹಾಕಬೇಕಿತ್ತು. ತೆಗೆಯಲಿಲ್ಲ. ಚಹಾ ಕುಡಿಯುತ್ತ ನೋಡುವ ಚಟ ಹತ್ತಿಬಿಟ್ಟಿತು.

ಗುರುಬಸವ್ವನ ದನಿ ದಿನಾ ಮಧ್ಯಾಹ್ನ ಒಂದೇ ಮಾತು ಕೇಳುತ್ತಿತ್ತು: "ಸಣ್ಣ ಹುಡುಗರ ಅ, ಆ, ಇ, ಈ ತೋರ್ಸು." ಗೌಸ ದಂಗಾದ. ಮುಂಜಾನೆ ಕನ್ನಡಕ ಏರಿಸಿ, ಕಟ್ಟೆಯ ಮೇಲೆ ಪೇಪರು ಹರವಿಕೊಂಡು ಕೂಡುವ ಹೆಣ್ಣುಮಗಳು ಅವಳು. ಓಣಿಯವರೆಲ್ಲ ಅವಳು ಓದಿದಾಕಿ ಎಂದೇ ನಂಬಿದ್ದರು. ಅರವತ್ತೆರಡನೆಯ ವಯಸ್ಸಿಗೆ ಆ ಸುಳ್ಳನ್ನು ನಿಜ ಮಾಡಲು ಹೊರಟಿದ್ದಳು, ಅಷ್ಟೇ.

ಗೋಡೆಯ ಸ್ಟ್ಯಾಂಡ್ ಸಡಿಲಾಗಿದೆಯೆಂದು ಹೇಳಿಕಳಿಸಿದಾಗ ಗೌಸ ಹೂಲಿಗೆ ಹೋದ. ನೆರೆಮನೆಯ ಮಹಾನಂದಾ ಅಲ್ಲಿಯೇ ಕುಳಿತಿದ್ದಳು. ಸ್ಕ್ರೂ ಬಿಗಿ ಮಾಡುತ್ತ ಗೌಸ ಚೇಷ್ಟೆಗೆ ಅಂದುಬಿಟ್ಟ:

"ಏನ್ರಿ ಅಕ್ಕಾರ, ಕಾಗುಣಿತದ ತನಕಾ ಬಂದ್ರೇನು?"

ಮಹಾನಂದಾ ಪಕಪಕ ನಕ್ಕಳು. ಗುರುಬಸವ್ವನ ಮುಖ ಕಪ್ಪಿಟ್ಟಿತು. ಮರುದಿನದಿಂದ ಅವಳು ಕಟ್ಟೆಗೆ ಬರುವುದನ್ನೇ ಬಿಟ್ಟಳು.

ವಾರ ಕಳೆದ ಮೇಲೆ ಬಸ್ಸು ಹಿಡಿದು ಅಂಗಡಿಗೇ ಬಂದಳು. ದನಿ ತಗ್ಗಿಸಿ ಹೇಳಿದಳು:

"ತಮ್ಮಾ, ಆ ಟಿವಿ ಒಳಗಿನ ಮಾತು ಹೊರಗ ಹೇಳತೈತಿ. ನಿನಗೂ ಅದ ಹೇಳಿರಬೇಕು. ನಾ ಅದಕ್ಕ ಹಳೇ ಸೀರಿ ಹೊಚ್ಚಿ ಇಟ್ಟೇನಿ. ಚಿತ್ರ ಚೊಲೋ ಇರಬೇಕು, ಕಿವಿ ಇರಬಾರದು, ಅಂಥಾದೊಂದು ಟಿವಿ ಹುಡುಕಿ ಕೊಡು. ನಿನ್ನ ಬಿಟ್ರ ಯಾರನ್ನ ನಂಬಲಿ?"

ಗೌಸನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಪ್ಪು ನಂದೇ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಇಮೇಲ್ ತೆಗೆಯುವುದು ಎರಡು ನಿಮಿಷದ ಕೆಲಸ. ಅವನು ಅಂದದ್ದು ಮಾತ್ರ, "ಹುಡುಕತೇನ್ರಿ ಅಕ್ಕಾರ."

ಹುಡುಕಿದ ನೋಡಿ! ಸವದತ್ತಿ, ರಾಮದುರ್ಗ ಎಲ್ಲ ಅಲೆದ. ಮೂರು ವಾರ ಅಂಗಡಿ ಸರಿಯಾಗಿ ತೆರೆಯಲಿಲ್ಲ. ನಿಜ ಹೇಳುವುದಕ್ಕಿಂತ ಊರೂರು ತಿರುಗುವುದೇ ಹಗುರ ಅನ್ನಿಸಿತ್ತು ಆ ಪುಣ್ಯಾತ್ಮನಿಗೆ. ಕಿತ್ತೂರಿನ ಅಂಗಡಿಕಾರ ಗೌರೀಶ, "ಈಗ ದೊಡ್ಡ ಟಿವಿ ಅಂದ್ರ ಎಲ್ಲಾ ಸ್ಮಾರ್ಟ್ ರೀ. ಸಾದಾವು ಬರತಾವು, ಸಣ್ಣವು, ಚಿತ್ರ ಬೂದಿ ಬಳದಂಗ," ಎಂದು ಗೊಣಗುತ್ತಲೇ ಗೋದಾಮು ಕೆದಕಿದ. ಲಾಡ್ಜಿನವರು ತರಿಸಿ ಬೇಡವೆಂದಿದ್ದ ಒಂದು ದೊಡ್ಡ ಪೀಸು, ಡಬ್ಬ ಒಡೆಯದ್ದು, ಮೂಲೆಯಲ್ಲಿ ಸಿಕ್ಕಿತು. ಇಂಟರ್ನೆಟ್ಟಿಲ್ಲ, ಮೈಕಿಲ್ಲ. ಹಚ್ಚಿ ನೋಡಿದರೆ ಬಣ್ಣ ಕಣ್ಣಿಗೆ ಹಬ್ಬ.

ಹೂಲಿಯ ನಡುಮನೆಯಲ್ಲಿ ಹಳೆಯದನ್ನು ಇಳಿಸಿ ಅದನ್ನು ಗೋಡೆಗೇರಿಸಿದ. ಗುರುಬಸವ್ವ ಕೈಮುಗಿಯುವುದೊಂದು ಬಾಕಿ.

"ಇದು ಯಾರ ಮುಂದೂ ಹೇಳೂದಿಲ್ಲ ಹೌದಲ್ಲೋ ತಮ್ಮಾ?"

"ಇಲ್ರಿ."

ಅವಳು ಹಳೆಯ ಟಿವಿಯ ಮೇಲಿನ ಸೀರೆ ಸರಿಸಿ, ಅದನ್ನೊಮ್ಮೆ ಸವರಿದಳು. "ಮೋಸ ಮಾಡ್ತು ನೋಡು. ಒತ್ತಕ್ಷರದ ತನಕಾ ಬಂದಿದ್ದೆ."

ಗೌಸನಿಗೆ ತಡೆಯಲಾಗಲಿಲ್ಲ. ನೆಲ ನೋಡುತ್ತ ಎಲ್ಲ ಹೇಳಿದ. ಇಮೇಲು, ಪಟ್ಟಿ, ದನಿ, ಚಹಾ ಕುಡಿಯುತ್ತ ಕೇಳಿದ್ದು. "ಟಿವಿ ಯಾರ ಮುಂದೂ ಹೇಳಿಲ್ರಿ ಅಕ್ಕಾರ. ಹೇಳಿದಾಂವ ನಾ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಲೆಯ ಮೇಲೆ ಅವನಿಗೆಂದು ಇಟ್ಟಿದ್ದ ಚಹಾ ಉಕ್ಕಿತು. ಅವಳು ಎದ್ದು ಹೋಗಿ ಒಲೆ ಆರಿಸಿ ಬರಿಗೈಯಲ್ಲಿ ಬಂದಳು.

"ಈ ಹೊಸದು ಒಯ್ಯಿರಿ. ಹಳೇದನ್ನ ಮತ್ತ ಹಚ್ಚರಿ. ನಿಮ್ಮ ಹೆಸರು ತಗೀರಿ ಸಾಹೇಬ್ರ."

ಸಾಹೇಬ್ರು. ಮೂವತ್ತು ವರ್ಷ ತಮ್ಮನಾಗಿದ್ದವನು ಹಳೆಯದನ್ನು ಮತ್ತೆ ಏರಿಸಿದ, ತನ್ನ ಇಮೇಲ್ ತೆಗೆದ, ಹಿಂದಿನದೆಲ್ಲ ಅಳಿಸಿದ. ಇನ್ನು ಬೇರೆಯವರು ತೆರೆಯದಂತೆ ನಾಲ್ಕು ಅಂಕಿಯ ಗುಟ್ಟಿನ ನಂಬರು ಹಾಕಬೇಕೆಂದು ರಿಮೋಟು ಅವಳ ಕೈಗೆ ಕೊಟ್ಟ. ಅವಳು ಒತ್ತಲಿಲ್ಲ. ಅವನನ್ನೇ ನೋಡುತ್ತ ನಿಂತಳು.

"ಆ ಕಡೆ ಮಾರಿ ಮಾಡ್ರಿ," ಎಂದಳು.

ಗೌಸ ಗೋಡೆಗೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ರಿಮೋಟು ನಾಲ್ಕು ಸಲ ಸದ್ದು ಮಾಡಿತು. ತಿರುಗಬಹುದೆಂದು ಅವಳು ಹೇಳಲೇ ಇಲ್ಲ. ಹೀಗೇ ಹೆಸರು ತೆಗೆಯಲು ಇನ್ನೂ ಹತ್ತು ಮನೆಗಳಿಗೆ ಹೋಗಬೇಕಿತ್ತು.