ಹದಿನೇಳು ಗುರಿ

“ಹದಿನೇಳು ಗುರಿಯಾ ಟೀಚರೇ? ಮಳೆಗೆ ಮುಂಚೆ ಮುಗಿಸ್ಬೇಕಾ?” ಎಂದು ಕಮಲಕ್ಕ ಕೇಳಿದಾಗ ನನಗೆ ನಗು ಬಂತು. ಉಪ್ಪಳದ ಹತ್ತಿರದ ಆ ಅಂಗನವಾಡಿಯಲ್ಲಿ ಬೇರೆ ಯಾರೂ ನಗಲಿಲ್ಲ.

ಸುಸ್ಥಿರ ಅಭಿವೃದ್ಧಿಯ ಜಾಗತಿಕ ಗುರಿಗಳನ್ನು ಹೆಂಗಸರಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದೇ ಚಾರ್ಟು, ಅದೇ ಮಾತು, ಆ ವಾರದ ನಾಲ್ಕನೆಯ ಸಭೆ. ಹೇಳಿ ಹೇಳಿ ನನಗೇ ಸಾಕಾಗಿತ್ತು. ಅವರೋ ಬೆಳಗ್ಗಿನಿಂದ ಉದ್ಯೋಗ ಖಾತರಿ ಕೆಲಸದಲ್ಲಿ ಮಳೆನೀರು ಇಂಗಿಸುವ ಹೊಂಡ ತೋಡಿ, ಹಾರೆ ಪಿಕ್ಕಾಸು ಬಾಗಿಲ ಬಳಿ ಇಟ್ಟು ಬಂದು ಕೂತವರು. ತುಳುವಿನಲ್ಲಿ ಗುರಿ ಎಂದರೆ ಹೊಂಡ ಎಂಬುದು, ಮನೆಯಲ್ಲಿ ತುಳುವೇ ಮಾತಾಡುವ ನನಗೆ ಮರೆತೇಹೋಗಿತ್ತು.

“ಹೊಂಡ ಅಲ್ಲ ಅಕ್ಕ. ಎಲ್ಲರಿಗೂ ಕುಡಿಯುವ ನೀರು ಸಿಗ್ಬೇಕು, ಅಂಥದ್ದೆಲ್ಲ ಉಂಟು ಇದರಲ್ಲಿ,” ಎಂದೆ.

“ನಾವು ತೋಡುವುದು ಮತ್ತೆಂತಕ್ಕೆ ಟೀಚರೇ?” ಎಂದು ಕಮಲಕ್ಕ ಅಂಗೈಯ ಬೊಕ್ಕೆ ಒತ್ತಿಕೊಂಡರು.

ಚಾರ್ಟು ಸುತ್ತಿಕೊಂಡು ಮನೆಗೆ ಬಂದೆ. ‘ಹದಿನೇಳೂ ಗುರಿಗಳನ್ನು ಜನರಿಗೆ ಮುಟ್ಟಿಸಲಾಯಿತು’ ಎಂದು ವರದಿ ಬರೆದುಕೊಟ್ಟೆ. ಯಾವ ಗುರಿ ಎಂದು ಈವರೆಗೆ ಯಾರೂ ಕೇಳಿಲ್ಲ.