ಸೊನ್ನೆ ಯಾಕಲ್ಲ?

ಮೊದಲು ಕಂಡದ್ದು ರಕ್ತ. ಮೂಲವ್ಯಾಧಿ ಇರಬೇಕು ಅಂದುಕೊಂಡೆ.

ಪರೀಕ್ಷೆಯಲ್ಲಿ ಗೊತ್ತಾದದ್ದು ರೆಕ್ಟಲ್ ಕ್ಯಾನ್ಸರ್, ಗುದನಾಳದ್ದು.

ಅತ್ತಾವರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಗಡ್ಡೆ ಹೋಯಿತು. ಎಚ್ಚರವಾದಾಗ ಹೊಟ್ಟೆಯ ಎಡಬದಿಯಲ್ಲಿ ಒಂದು ಚೀಲ ಅಂಟಿಕೊಂಡಿತ್ತು. ಇನ್ನು ಜೀವನಪೂರ್ತಿ ಮಲ ಅದರೊಳಗೇ ಬೀಳುತ್ತದೆ ಎಂದು ಸರ್ಜನ್ ಮೊದಲೇ ಹೇಳಿದ್ದರು. ಕೇಳಿಸಿಕೊಳ್ಳುವುದು ಬೇರೆ, ನೋಡುವುದು ಬೇರೆ.

ಕಾಟಿಪಳ್ಳದ ಮನೆಗೆ ಬಂದವಳು ಕೋಣೆ ಸೇರಿದೆ. ಚೀಲ ಆಗಾಗ ಸದ್ದು ಮಾಡುತ್ತದೆ, ತಡೆಯುವುದು ನನ್ನ ಕೈಯಲ್ಲಿಲ್ಲ. ಮಗಳು ಪ್ರಜ್ಞಾ ಊಟವನ್ನು ಕೋಣೆಗೇ ತಂದಿಡುತ್ತಿದ್ದಳು. ನನಗೋಸ್ಕರ ದುಬೈ ಕೆಲಸ ಬಿಟ್ಟು ಬಂದಿದ್ದ ಗಂಡ ಬಾಗಿಲಲ್ಲಿ ನಿಂತು, "ಹೊರಗೆ ಬಾ ಮಾರಾಯ್ತಿ, ನಮ್ಮೆದುರು ಎಂತ ನಾಚಿಕೆ?" ಎನ್ನುತ್ತಿದ್ದರು. ಕರೆದಷ್ಟೂ ನಾನು ಮಗ್ಗುಲು ಬದಲಿಸುತ್ತಿದ್ದೆ. ಅವರು ಸಮುದ್ರದಾಚೆ ಇದ್ದ ವರ್ಷಗಳಲ್ಲೂ ನಾನು ಇಷ್ಟು ಒಂಟಿಯಾಗಿರಲಿಲ್ಲ.

ಫಾಲೋ-ಅಪ್‌ಗೆ ಹೋದಾಗ ಡಾಕ್ಟರು ಕೌನ್ಸೆಲರ್ ಹತ್ತಿರ ಕಳಿಸಿದರು. ಇವರೂ ಬುದ್ಧಿ ಹೇಳುತ್ತಾರೆ ಅಂದುಕೊಂಡೆ. "ನಾನು ಯಾರ ಜೊತೆಯೂ ಕೂತು ಉಣ್ಣುವುದಿಲ್ಲ" ಎಂದು ಮೊದಲೇ ಹೇಳಿಬಿಟ್ಟೆ.

"ಅದು ನಿಮ್ಮ ತೀರ್ಮಾನ" ಎಂದರು ಆಕೆ. "ಒಬ್ಬರೇ ಉಣ್ಣುವುದರಲ್ಲಿ ನಿಮಗೆ ಎಂತ ಒಳ್ಳೆಯದುಂಟು?"

ಹೀಗೆ ಯಾರೂ ಕೇಳಿರಲಿಲ್ಲ.

"ವಾಸನೆ ಬಂತಾ ಅಂತ ಯಾರ ಮುಖವನ್ನೂ ನೋಡಬೇಕಾಗಿಲ್ಲ."

"ಅವರ ಮುಖದಲ್ಲಿ ಅಸಹ್ಯ ಕಂಡುಬಿಟ್ಟರೆ ಎಂಬ ಭಯ ನಿಮಗೆ."

ತಲೆಯಾಡಿಸಿದೆ.

"ಮನೆಯವರ ಜೊತೆ ಉಣ್ಣುವುದು ನಿಮಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

"ಮೂರು."

"ಸೊನ್ನೆ ಯಾಕಲ್ಲ?"

ಯೋಚಿಸದೆಯೇ ಬಾಯಿಂದ ಬಂತು. "ಅಪ್ಪ-ಮಗಳು ಒಬ್ಬರಿಗೊಬ್ಬರು ಮಾತೇ ಆಡುವುದಿಲ್ಲ ಮೇಡಂ. ಇಷ್ಟು ವರ್ಷ ಫೋನಲ್ಲಿ ಮಾತ್ರ ಸಿಗುತ್ತಿದ್ದ ಅಪ್ಪ. ಮಗಳ ಹತ್ತಿರ ಎಂತ ಮಾತಾಡುವುದು ಅಂತ ಅವರಿಗೆ ಗೊತ್ತಿಲ್ಲ. ಮಧ್ಯದಲ್ಲಿ ನಾನು ಬೇಕು."

ಹೇಳಿದ ಮೇಲೆ ಅಳು ಬಂತು. ಆಕೆ ಸಮಾಧಾನ ಮಾಡಲಿಲ್ಲ. ಅಳು ನಿಂತ ಮೇಲೆ, "ಈಗ ನಿಮಗೆ ಏನು ಮಾಡುವ ಅಂತ ಅನಿಸ್ತದೆ?" ಎಂದರು.

"ಊಟ ಬೇಡ. ಚಹಾಕ್ಕೆ ಕೂತು ನೋಡ್ತೇನೆ."

ಮರುದಿನ ಸಂಜೆ ಹೊರಗೆ ಬಂದೆ. ಗಂಡ ಗಡಬಡಿಸಿ ಕುರ್ಚಿ ಎಳೆದರು. ಕೂತೆ. ಲೋಟ ಎತ್ತುವಷ್ಟರಲ್ಲಿ ಚೀಲ ಸದ್ದು ಮಾಡಿತು.

ಗಂಡನಿಗೂ ಎದುರು ಕೂತಿದ್ದ ಪ್ರಜ್ಞಾಗೂ ಕೇಳಿಸಿತು.

ಗಂಡ ಗಾಬರಿಯಲ್ಲಿ, "ಎಂತ, ಹಸಿವಾ?" ಎಂದರು. "ಅಪ್ಪಾ!" ಎಂದು ಪ್ರಜ್ಞಾ ನಗು ತಡೆಯಲಾಗದೆ ಟೇಬಲ್ಲಿಗೆ ಹಣೆ ಒತ್ತಿದಳು. ಅವರೂ ನಕ್ಕರು. ನನಗೆ ನಗು ಬರಲಿಲ್ಲ. ಆದರೆ ಎದ್ದು ಹೋಗಲಿಲ್ಲ.

ಹೊರಗಿನವರು ಬಂದರೆ ಈಗಲೂ ಒಳಗೆ ಹೋಗುತ್ತೇನೆ. ಮದುವೆಮನೆಗಳಿಗೆ ಇನ್ನೂ ಧೈರ್ಯ ಸಾಲದು. ಅದಕ್ಕೂ ಒಂದು ದಿನ ಬರಬಹುದು, ಬಾರದೆಯೂ ಇರಬಹುದು. ಕಳೆದ ಭಾನುವಾರ ಗಂಡ ಬಂಗುಡೆ ಮೀನಿನ ಸಾರು ಮಾಡಿದ್ದರು. ಟೇಬಲ್ಲಿನಲ್ಲಿ ಎಲ್ಲರ ಜೊತೆ ಒಂದು ತುತ್ತು ಉಂಡು, ಪಕ್ಕದಲ್ಲೇ ಕೂತಿದ್ದ ಅವರಿಗೆ ಹೇಳಿದೆ: "ಉಪ್ಪು ಜಾಸ್ತಿ ಆಯ್ತು."