ಮೈಕಿನಲ್ಲಿ ಹೇಳಿದ ಒಡಪು

ಕಳೆದ ವಾರ ಜೊಯಿಡಾದ ಒಂದು ಕಚೇರಿಗೆ ಮೈಕು ಜೋಡಿಸಲು ಹೋಗಿದ್ದೆ. ಬೆಸುಗೆಯ ಬಿಸಿಗೆ ರಾಳ ಕರಗಿ ಹೊಗೆ ಎದ್ದಿತು. ಆ ವಾಸನೆಗೆ ದಾಂಡೇಲಿಯ ಒಂದು ಸಣ್ಣ ಆಸ್ಪತ್ರೆ, ಅದರ ಬಾಗಿಲ ಬಳಿಯ ಮೇಜು, ಮೇಜಿನ ಹಿಂದೆ ಕೂತ ಕಸ್ತೂರಕ್ಕ, ಎಲ್ಲ ಒಮ್ಮೆಗೇ ಕಣ್ಣಿಗೆ ಕಟ್ಟಿದಂತಾಯಿತು. ನೆನಪು ಇಷ್ಟು ಅಚ್ಚುಕಟ್ಟಾಗಿ ಬಂದರೆ ನನಗೆ ಅನುಮಾನ. ಅದರಲ್ಲಿ ಅರ್ಧ ನಾನೇ ಆಮೇಲೆ ಸೇರಿಸಿದ್ದಿರಬಹುದು. ನೀವೂ ಅಷ್ಟೇ ಅನುಮಾನದಿಂದ ಕೇಳಿ.

ಆಗ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಓದಿದ್ದಕ್ಕೂ ಮಾಡುವುದಕ್ಕೂ ಸಂಬಂಧವಿಲ್ಲದಂತೆ ಹಳಿಯಾಳದಲ್ಲಿ ನಮ್ಮ ಕಾಕಾನ ಮೈಕಿನ ಅಂಗಡಿ ಸೇರಿದ್ದೆ. ಮದುವೆ ಹಂದರಕ್ಕೆ ಭೋಂಗಾ ಸ್ಪೀಕರು ಕಟ್ಟುತ್ತಿದ್ದ ನಮಗೆ ಆಸ್ಪತ್ರೆಯ ಕೆಲಸ ಸಿಕ್ಕಿದ್ದು ದೊಡ್ಡ ಬಡ್ತಿ. ಮೇಜಿನ ಮೇಲೆ ಒಂದು ಮೈಕು, ಪಕ್ಕದಲ್ಲಿ ಸಾಲಾಗಿ ಗುಂಡಿಗಳು. ಒಂದನ್ನು ಒತ್ತಿದರೆ ವಾರ್ಡಿಗೆ ಮಾತ್ರ ಕೇಳುತ್ತದೆ, ಇನ್ನೊಂದಕ್ಕೆ ಪಡಸಾಲೆಗೆ, ಮತ್ತೊಂದಕ್ಕೆ ಹಿಂದಿನ ಗಾಡಿ ಶೆಡ್ಡಿಗೆ. ಕೊನೆಯ ಗುಂಡಿ ಒತ್ತಿದರೆ ಎಲ್ಲ ಕಡೆಗೂ. ಬಾಣಂತಿಯರ ಕೋಣೆಗೆ ಎಷ್ಟು ದನಿ ಬಿಡಬೇಕೆಂದು ನೋಡಲು ನಾನು ಮೈಕಿನ ಮುಂದೆ ಕೂತು ‘ಹಲೋ, ಹಲೋ’ ಎನ್ನುತ್ತಿದ್ದೆ. ಕಾಕಾ ಅಲ್ಲಿಂದ ಓಡಿಬಂದು, ಕೂಸು ಎದ್ದಿತೆಂದು ಬೈಯುತ್ತಿದ್ದ.

ಅಲ್ಲಿಯವರೆಗೆ ಡಾಕ್ಟರನ್ನೋ ಆಯಾಳನ್ನೋ ಕರೆಯಬೇಕಾದರೆ ಕಸ್ತೂರಕ್ಕನೇ ನಡೆದುಹೋಗಿ ಹೇಳಿಬರಬೇಕಿತ್ತು. ಮೊಣಕಾಲು ನೋವು, ದಿನಕ್ಕೆಷ್ಟೋ ಸಲ ಮೆಟ್ಟಿಲು. ಮೈಕಿನ ಮುಂದಿನ ಕುರ್ಚಿ ಸಿಕ್ಕರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಬಿಡಬೇಕಾಗುತ್ತದೆ ಎಂದು ಅವರೇ ಹೇಳಿದ್ದರು.

ತೊಡಕು ಬಂದದ್ದು ಆಂಬುಲೆನ್ಸಿನಿಂದ. ಚಾಲಕರು ಇಬ್ಬರು. ಒಬ್ಬ ಜೊಯಿಡಾ ಕಡೆಯ ಕೊಂಕಣಿಯವನು, ಇನ್ನೊಬ್ಬರು ಕಸ್ತೂರಕ್ಕನ ಗಂಡ ಬಸವರಾಜ. ಮೊದಲ ದಿನ ಹುಬ್ಬಳ್ಳಿಗೆ ಒಯ್ಯಬೇಕಾದ ರೋಗಿಯೊಬ್ಬರಿದ್ದರು. ಕಸ್ತೂರಕ್ಕ ‘ಡ್ರೈವರ್ ಬರ್ರಿ’ ಎಂದಷ್ಟೇ ಕರೆದರು. ಕರೆದದ್ದು ಅವನನ್ನು ಎಂದು ಇವರೂ, ಇವರನ್ನು ಎಂದು ಅವನೂ ಶೆಡ್ಡಿನಲ್ಲೇ ಕೂತರು. ರೋಗಿಯ ಮನೆಯವರು ಕೂಗಾಡಿದರು. ಮ್ಯಾನೇಜರು ಬಂದು, ನಾಳೆಯಿಂದ ಹೆಸರು ಹಿಡಿದು ಕರೆಯಿರಿ, ಆಗದಿದ್ದರೆ ಮೈಕಿಗೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಹೇಳಿ ಹೋದರು.

ಕಸ್ತೂರಕ್ಕ ನನ್ನ ಕಡೆ ತಿರುಗಿದರು. “ರೇಶನ್ ಕಾರ್ಡಿನವರು ಗಂಡನ ಹೆಸರ ಕೇಳಿದ್ರ ಮಗಳ ಕಡಿಂದ ಹೇಳಸ್ತೇನಿ. ಈಗ ಭೋಂಗಾದಾಗ ಅವರ ಹೆಸರ ಹೆಂಗ ಹಿಡೀಲಿ ತಮ್ಮಾ?”

ದಾರಿ ಅವರೇ ಕಂಡುಕೊಂಡರು. ನಮ್ಮ ಕಡೆ ಮದುವೆ, ಕುಬಸದ ಕಾರ್ಯಗಳಲ್ಲಿ ಹೆಂಗಸರು ಪ್ರಾಸ ಹೊಂದಿಸಿದ ಎರಡು ಸಾಲಿನಲ್ಲಿ ಗಂಡನ ಹೆಸರು ಸೇರಿಸಿ ಹೇಳುತ್ತಾರಲ್ಲ, ಅದೇ ಒಡಪು. ಹಾಗೆ ಹೇಳಿದರೆ ಹೆಸರು ಹಿಡಿದಂತಾಗುವುದಿಲ್ಲ. ಶೆಡ್ಡಿನಲ್ಲಿ ಕೇಳುವವರು ಹೇಗೂ ಇಬ್ಬರೇ, ಇನ್ನಾರಿಗೂ ತಿಳಿಯುವುದಿಲ್ಲ ಎಂದು ಅವರ ಲೆಕ್ಕ.

ಮರುದಿನ ಸಂಜೆ, ಭೇಟಿಯ ಹೊತ್ತು ಮುಗಿಯಿತೆಂದು ಎಲ್ಲ ಕಡೆಗೂ ಸಾರಿದ ಬೆನ್ನಲ್ಲೇ ಆಂಬುಲೆನ್ಸು ಬೇಕಾಯಿತು. ಸರದಿ ಬಸವರಾಜರದು. ಎಲ್ಲ ಕಡೆಗೂ ಕೇಳಿಸುವ ಗುಂಡಿ ಒತ್ತಿದ್ದು ಒತ್ತಿದಂತೆಯೇ ಇತ್ತು. ಕಸ್ತೂರಕ್ಕ ಶೆಡ್ಡಿನ ಗುಂಡಿ ಒತ್ತಿ, ಸೆರಗು ಸರಿಮಾಡಿಕೊಂಡು, ಇಡೀ ಆಸ್ಪತ್ರೆಗೆ ಕೇಳುವಂತೆ ಹೇಳಿಬಿಟ್ಟರು:

“ಅತ್ತಿವೇರಿ ಕೆರಿ ಮ್ಯಾಲ ಬೆಳ್ಳಕ್ಕಿ ಜೋಡಿ,
ಬಸವರಾಜ ಅವರು ಗೇಟಿಗೆ ತರಬೇಕು ಗಾಡಿ.”

ವಾರ್ಡಿನಲ್ಲಿ ರೋಗಿಗಳ ಜೊತೆ ಉಳಿದಿದ್ದ ಹೆಂಗಸರು ಗುಂಪಾಗಿ ಮೇಜಿಗೆ ಬಂದರು. ಒಡಪು ಹೇಳಿದವಳನ್ನು ಒಂದೇ ಸಲಕ್ಕೆ ಬಿಡುವ ಪದ್ಧತಿ ಎಲ್ಲಿದೆ? ಒಬ್ಬ ಅಜ್ಜಿ, “ಹೆಸರ ಬಂದಾಗ ದನಿ ಸಣ್ಣ ಮಾಡಿದೀಯವ್ವಾ, ಇನ್ನೊಮ್ಮೆ ಹೇಳ” ಎಂದಳು. ಕಸ್ತೂರಕ್ಕ ಮುಖ ಮುಚ್ಚಿಕೊಂಡರು. ಅಷ್ಟರಲ್ಲಿ ಬಸವರಾಜ ತಲೆ ತಗ್ಗಿಸಿ, ಕಿವಿ ಕೆಂಪಗೆ ಮಾಡಿಕೊಂಡು, ಗಾಡಿ ತಂದು ಗೇಟಿಗೆ ನಿಲ್ಲಿಸಿದರು. ಮ್ಯಾನೇಜರು ಗಾಡಿ ನೋಡಿದರು, ಹೆಂಗಸರನ್ನು ನೋಡಿದರು, ಬರಬೇಕಾದವರು ಬಂದರಲ್ಲ ಎಂದು ಒಳಗೆ ಹೋದರು. ಕುರ್ಚಿ ಉಳಿಯಿತು. ಅಲ್ಲಿಂದ ಮುಂದೆ ಬಸವರಾಜರನ್ನು ಕರೆದದ್ದೆಲ್ಲ ಒಡಪಿನಲ್ಲೇ. ಬೇಕೆಂದೇ ಎಲ್ಲ ಕಡೆಗೂ ಕೇಳಿಸುತ್ತಿದ್ದರೆಂದು ನನ್ನ ಗುಮಾನಿ.

ಜೊಯಿಡಾದಿಂದ ಬಂದ ಮೇಲೆ ಮೊದಲ ಸಾಲು ನನ್ನನ್ನು ಕಾಡಿತು. ಬೆಳ್ಳಕ್ಕಿಗಳು ಕಸ್ತೂರಕ್ಕನವೋ, ನಾನು ಹಾರಿಬಿಟ್ಟವೋ? ಅವರು ಈಗ ಮಳಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಬಸವರಾಜರು ತೀರಿಕೊಂಡದ್ದು ಗೊತ್ತಿತ್ತು. ಆದರೂ ಭಾನುವಾರ ಬಸ್ಸು ಹತ್ತಿ ಹೋದೆ. ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಗುರುತು ಹಿಡಿದು ನಕ್ಕರು. ನಾನು ಒಡಪಿನ ಮೊದಲ ಸಾಲು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತೆನಿಸಿತು.

“ಅದು ಮುತ್ತೈದ್ಯಾರ ಹೇಳೂದು ತಮ್ಮಾ. ಈಗ ನಾ ಹೇಳಂಗಿಲ್ಲ,” ಎಂದರು. ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡು, “ಈಗ ಒಬ್ಬಾಕೀನ ಇದ್ದಾಗ ಬರೇ ಹೆಸರ ಅಂತೇನಿ. ಬೈಯಾಕ ಯಾರದಾರ?”

ಹಾಗೆಂದು, ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟು, ಸಣ್ಣ ದನಿಯಲ್ಲಿ ಅಂದರು: “ಬಸವರಾಜ.”

ಆಗ ಮೈಕಿನಲ್ಲಿ ಕರೆದಾದ ಮೇಲೆ ಶೆಡ್ಡಿನಿಂದ ಗಾಡಿಯ ಸದ್ದು ಬರುವವರೆಗೆ ಕಾಯುತ್ತಿದ್ದೆವು. ಈಗಲೂ ಅಷ್ಟೇ ಹೊತ್ತು ಇಬ್ಬರೂ ಕಾದೆವು. ಆಮೇಲೆ ಅವರು ಮೊಣಕಾಲಿಗೆ ಕೈ ಊರಿ, ಚಹಾಕ್ಕೆ ನೀರಿಡಲು ಎದ್ದರು.